ವಿಮಾನಕ್ಕೆ ಬೈಂಡಿಂಗ್ ಹಾಕುವ ಬೈಂಡಮ್ಮ

ಬೆಳಗಿನ ಐದೂಮುಕ್ಕಾಲು. ರನ್‌ವೇ ಅಂಚಿನ ದೀಪಗಳು ಇನ್ನೂ ಆರಿಲ್ಲ. ಹುಲ್ಲಿನ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿದೆ. ಸೈಕಲ್ಲಿನ ಚೈನು ಕಿರುಗುಟ್ಟುವ ಸದ್ದು ಕೇಳಿದೊಡನೆ ಕಾವಲುಗಾರ ಗೇಟಿನ ಚಿಲಕ ತೆಗೆಯುತ್ತಾನೆ, ಯಾರೆಂದು ತಲೆ ಎತ್ತಿ ನೋಡುವ ಗೋಜಿಗೆ ಹೋಗುವುದಿಲ್ಲ. ಈ ಹೊತ್ತಿಗೆ ಬರುವವರು ಒಬ್ಬರೇ. ಐವತ್ತನಾಲ್ಕು ವಯಸ್ಸಿನ, ಕುಳ್ಳಗಿನ, ಎಡಗಾಲನ್ನು ಸ್ವಲ್ಪ ಎಳೆದು ನಡೆಯುವ ಹೆಂಗಸು. ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಬೈಂಡಮ್ಮ ಎಂದು.

ಸೈಕಲ್ಲನ್ನು ಗೋಡೆಗೆ ಒರಗಿಸಿ ಅವರು ಒಳಗೆ ಹೋಗುವ ಶೆಡ್ಡು ಹೊರಗಿನಿಂದ ನೋಡಿದರೆ ಯಾವುದೋ ಗೋದಾಮು. ಒಳಗೆ ಅರ್ಧ ಜಾಗದಲ್ಲಿ ನಾಲ್ಕು ಸೀಟಿನ ಬಿಳಿ ವಿಮಾನ ನಿಂತಿದೆ. ಮೂತಿಯ ಮುಚ್ಚಳ ತೆರೆದಿದೆ. ಎಂಜಿನ್ ಇರಬೇಕಾದ ಕಡೆ ಎಂಜಿನ್ ಇಲ್ಲ. ಉಳಿದರ್ಧದಲ್ಲಿ ಗಾಜಿನ ಕೋಣೆಯೊಂದಿದೆ. ಅದರ ಹೊರಗಿನ ಬೆಂಚಿನ ಮೇಲೆ ಬೈಂಡಮ್ಮ ಉಂಗುರ, ಗಡಿಯಾರ ಬಿಚ್ಚಿಡುತ್ತಾರೆ. ವಾಸನೆಯಿಲ್ಲದ ಸೋಪಿನಲ್ಲಿ ಮೊಣಕೈವರೆಗೆ ಎರಡು ಸಲ ತೊಳೆಯುತ್ತಾರೆ. ಬಿಳಿ ನಿಲುವಂಗಿ, ಟೋಪಿ, ಮುಖಕ್ಕೆ ಬಟ್ಟೆ, ತೆಳು ಕೈಗವಸು.

"ತಲೆಗೆ ಎಣ್ಣೆ ಮುಟ್ಟಿಸಿ ಐದು ವರ್ಷ ಆಯ್ತು" ಎಂದು ಅವರು ನಗುತ್ತಾರೆ. "ಒಂದು ತೊಟ್ಟು ಎಣ್ಣೆ ಒಳಗೆ ಬಿದ್ರೆ ಇಡೀ ಕಟ್ಟು ಹಾಳು. ನಮ್ಮೆಜಮಾನ್ರು ಹೇಳ್ತಾರೆ, ನಿನ್ನ ಕೂದಲು ಪೊರಕೆ ಆಯ್ತು, ವಿಮಾನ ಮಾತ್ರ ನುಣ್ಣಗಿದೆ ಅಂತ."

ಒಳಗೆ ಹೋದವರು ಮೊದಲು ನೋಡುವುದು ಗೋಡೆಯ ಮೇಲಿನ ತೇವದ ಮಾಪಕವನ್ನು. ಮುಳ್ಳು ನಲವತ್ತಮೂರರಲ್ಲಿದೆ. ಐವತ್ತು ದಾಟಿದ್ದರೆ ಅವರು ಪೆಟ್ಟಿಗೆ ತೆರೆಯುವುದಿಲ್ಲ. ಇಂದು ತೆರೆಯುತ್ತಾರೆ. ಉಕ್ಕಿನ ಮೇಜಿನ ಮೇಲೆ ನಾಲ್ಕು ಕಡ್ಡಿಗಳು ನೆಟ್ಟಗೆ ನಿಂತಿವೆ. ಅವುಗಳ ನಡುವೆ ಅವರು ಮೊದಲ ಪದರ ಇಡುತ್ತಾರೆ: ಸ್ಲೇಟಿನಷ್ಟು ಕಪ್ಪಗಿನ, ಸಣ್ಣ ಸಣ್ಣ ಕಾಲುವೆ ಕೊರೆದ ಫಲಕ. ಮೇಲೆ ರಬ್ಬರಿನ ಅಂಚುಪಟ್ಟಿ. ಅದರೊಳಗೆ ಇಂಗಾಲದ ಹಾಳೆ. ಆಮೇಲೆ ಪೊರೆ. ಅದರ ಮೇಲೆ ಮತ್ತೊಂದು ಇಂಗಾಲದ ಹಾಳೆ, ಮತ್ತೊಂದು ಅಂಚುಪಟ್ಟಿ. ಆರು ಪದರಕ್ಕೆ ಒಂದು ಸೆಲ್. ಮತ್ತೆ ಫಲಕ. ಹೀಗೆ ಇನ್ನೂರಿಪ್ಪತ್ತು ಸೆಲ್ ಆದರೆ ಒಂದು ಕಟ್ಟು. ಒಟ್ಟು ಸಾವಿರದ ಮುನ್ನೂರಿಪ್ಪತ್ತು ತುಂಡು, ಒಂದೂವರೆ ಗೇಣು ಎತ್ತರ.

ದಿನಕ್ಕೆ ನೂರಹತ್ತು ಸೆಲ್ ಅವರ ಲೆಕ್ಕ. ಹತ್ತು ಹತ್ತಕ್ಕೆ ಒಮ್ಮೆ ನಿಲ್ಲಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಅಂಚು ನೋಡುತ್ತಾರೆ. ಬಾಯಲ್ಲಿ ಎಣಿಕೆ ನಡೆದೇ ಇರುತ್ತದೆ. ಆ ಹೊತ್ತಿನಲ್ಲಿ ಕಂಪನಿಯ ಮಾಲೀಕರೇ ಬಂದು ನಿಂತರೂ ಎಡಗೈ ಎತ್ತಿ ತಡೆಯುತ್ತಾರೆ, ಮಾತಾಡುವುದಿಲ್ಲ.

ಎಣಿಕೆ ತಪ್ಪಿದರೆ ಏನು ಮಾಡುತ್ತೀರಿ ಎಂದು ಕೇಳಿದರೆ, "ಬಿಚ್ಚಿ ಮೊದಲಿಂದ ಹಾಕ್ತೀನಿ" ಎನ್ನುತ್ತಾರೆ. "ಹಾಗೆ ಬಿಚ್ಚುವಾಗ ನನ್ನ ಮೇಲೆ ನನಗೇ ಎಂಥ ಸಿಟ್ಟು ಬರುತ್ತೆ ಗೊತ್ತಾ. ಆ ಸಿಟ್ಟಿಗೆ ಹೆದರಿಯೇ ತಪ್ಪಲ್ಲ."

ಈ ಕಟ್ಟು ಮಾಡುವ ಕೆಲಸವೇನು ಎಂಬುದನ್ನು ಅವರ ಬಾಯಲ್ಲೇ ಕೇಳಬೇಕು. ಇಲ್ಲಿನ ಎಂಜಿನಿಯರುಗಳು ವಿವರಿಸಲು ಹೊರಟರೆ ಬಿಳಿ ಹಲಗೆ ತುಂಬಿಹೋಗುತ್ತದೆ. ಬೈಂಡಮ್ಮ ಎರಡು ಅಂಗೈ ಎದುರುಬದುರು ಹಿಡಿಯುತ್ತಾರೆ. "ಈ ಕಡೆಯಿಂದ ಹೈಡ್ರೋಜನ್ ಬರುತ್ತೆ. ಆ ಕಡೆಯಿಂದ ಗಾಳಿ ಬರುತ್ತೆ. ಎರಡೂ ಸೇರೋಕೆ ಹಾತೊರೀತಾ ಇರ್ತವೆ. ಮಧ್ಯೆ ಪೊರೆ ಇದೆಯಲ್ಲ, ಅದು ಸುಮ್ನೆ ಬಿಡಲ್ಲ. ಹೈಡ್ರೋಜನ್ನಿಗೆ, ನಿನ್ನ ಹತ್ರ ಇರೋ ಕರೆಂಟ್ ಹೊರಗಿನ ತಂತೀಲಿ ಸುತ್ತಿ ಬರ್ಲಿ, ನೀನು ಮಾತ್ರ ನನ್ನ ಮೂಲಕ ಹೋಗು ಅನ್ನುತ್ತೆ. ಹಾಗೆ ಸುತ್ತಿ ಹೋಗೋ ಕರೆಂಟೇ ಫ್ಯಾನು ತಿರುಗಿಸೋದು. ಕೊನೆಗೆ ಎರಡೂ ಸೇರಿ ನೀರಾಗುತ್ತೆ. ಹೊಗೆ ಇಲ್ಲ, ಬೆಂಕಿ ಇಲ್ಲ. ವಿಮಾನ ಹಾರಿ ಬಂದ ಮೇಲೆ ಅದರ ಕೆಳಗೆ ತೊಟ್ಟಿಕ್ಕಿರುತ್ತೆ, ನೋಡಿ, ಬರೀ ನೀರು."

ಅವರು ಫ್ಯಾನು ಎನ್ನುವುದು ಮೂತಿಯ ಮುಂದೆ ತಿರುಗುವ ರೆಕ್ಕೆಗಳಿಗೆ. ಒಂದು ಸೆಲ್ ಕೊಡುವುದು ಮುಕ್ಕಾಲು ವೋಲ್ಟಿಗೂ ಕಡಿಮೆ. ಗೋಡೆ ಗಡಿಯಾರವನ್ನೂ ಅದು ಸರಿಯಾಗಿ ಓಡಿಸಲಾರದು. ಇನ್ನೂರಿಪ್ಪತ್ತನ್ನು ಒಂದರ ಮೇಲೊಂದು ಪೇರಿಸಿ, ಅಂಥ ಎರಡು ಕಟ್ಟುಗಳನ್ನು ವಿಮಾನದ ಎಡಕ್ಕೊಂದು ಬಲಕ್ಕೊಂದು ಕೂರಿಸಿದರೆ ನಾಲ್ಕು ಜನರನ್ನು ಹೊತ್ತು ಹಾರುವಷ್ಟು ಬಲ ಬರುತ್ತದೆ. ನೆಲ ಬಿಟ್ಟು ಏಳುವ ಗಳಿಗೆಯಲ್ಲಿ ಮಾತ್ರ ಬ್ಯಾಟರಿಯೊಂದು ಕೈ ಜೋಡಿಸುತ್ತದೆ. ಆದರೆ ಆ ಇನ್ನೂರಿಪ್ಪತ್ತರಲ್ಲಿ ಒಂದೇ ಒಂದು ಪೊರೆ ಹರಿದರೂ ಇಡೀ ಕಟ್ಟು ಕೈಕೊಟ್ಟಂತೆಯೇ. ಪೊರೆಯ ದಪ್ಪವೋ, ತಲೆಗೂದಲಿನ ಅರ್ಧದಷ್ಟೂ ಇಲ್ಲ.

ಇಂಥ ಕೆಲಸಕ್ಕೆ ಬೈಂಡಮ್ಮ ಬಂದದ್ದು ಯಾವುದೇ ಕಾಲೇಜಿನಿಂದಲ್ಲ. ನ್ಯಾಯಾಲಯದ ಹಿಂದಿನ ಓಣಿಯಲ್ಲಿ, ಕಬ್ಬಿಣದ ಮೆಟ್ಟಿಲ ಕೆಳಗಿದ್ದ ಬೈಂಡಿಂಗ್ ಅಂಗಡಿಯಿಂದ. ಅಂಗಡಿ ಅವರ ಅಪ್ಪನದು. ತೀರ್ಪುಗಳ ಸಂಪುಟ, ಆಸ್ಪತ್ರೆಯ ದಾಖಲೆ ಪುಸ್ತಕ, ವಿದ್ಯಾರ್ಥಿಗಳ ಪ್ರಬಂಧ ಎಲ್ಲವೂ ಅಲ್ಲಿಗೆ ಬಿಡಿ ಹಾಳೆಗಳಾಗಿ ಬಂದು, ರಟ್ಟು ತೊಟ್ಟು, ಬೆನ್ನಿಗೆ ಚಿನ್ನದಕ್ಷರ ಹಚ್ಚಿಕೊಂಡು ಹೋಗುತ್ತಿದ್ದವು. ಹದಿನಾಲ್ಕನೆಯ ವಯಸ್ಸಿಗೆ ಅವರು ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತರು. ಏಳುವ ಹೊತ್ತಿಗೆ ನಲವತ್ತೊಂಬತ್ತಾಗಿತ್ತು.

"ಅಪ್ಪ ಹೊಡೀತಿರ್ಲಿಲ್ಲ, ಬಯ್ತಿರ್ಲಿಲ್ಲ" ಎಂದು ಅವರು ನೆನೆಯುತ್ತಾರೆ. "ನಾನು ಹಾಕಿದ ಪುಸ್ತಕನ ಮೇಜಿನ ಮೇಲೆ ನಿಲ್ಲಿಸಿ ಕೈ ಬಿಡೋರು. ನಿಂತ್ರೆ ಸರಿ. ಓರೆಯಾಗಿ ಬಿದ್ರೆ ಏನೂ ಮಾತಾಡದೆ ಕತ್ತರಿ ಮುಂದೆ ಇಡೋರು. ಬಿಚ್ಚು ಅಂತ ಅರ್ಥ. ಮೊದಲ ವರ್ಷ ನಾನು ಕಟ್ಟಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ."

ಅಪ್ಪ ತೀರಿಕೊಂಡ ಮೇಲೂ ಅಂಗಡಿ ನಡೆಯಿತು. ಆಮೇಲೆ ನ್ಯಾಯಾಲಯದ ಕಡತಗಳು ಕಂಪ್ಯೂಟರಿಗೆ ಹೋದವು, ಅವುಗಳ ಹಿಂದೆಯೇ ಆಸ್ಪತ್ರೆಯ ದಾಖಲೆಗಳು. ಪ್ರಬಂಧಗಳನ್ನೂ ಪರದೆಯ ಮೇಲೇ ಒಪ್ಪಿಸಿದರೆ ಸಾಕೆಂದಾಯಿತು. ವಾರಕ್ಕೊಂದು ಪುಸ್ತಕವೂ ಬಾರದ ದಿನಗಳಲ್ಲಿ ಬೈಂಡಮ್ಮ ಮನೆಯಲ್ಲಿದ್ದ ಹಳೆಯ ಪುಸ್ತಕಗಳಿಗೇ ಮತ್ತೆ ಮತ್ತೆ ರಟ್ಟು ಹಾಕುತ್ತಿದ್ದರು. "ಕೈಗೆ ಏನಾದ್ರೂ ಬೇಕಲ್ಲ" ಎನ್ನುತ್ತಾರೆ. ಅವರ ಪತಿ ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. "ನಾನು ಸುಮ್ನೆ ಕೂತಿದ್ರೆ ನನಗೂ ರಟ್ಟು ಹಾಕಿಬಿಡ್ತಾಳೆ ಅಂತ ಹೆದರಿ ದಿನಾ ಸಂಜೆ ಪಾರ್ಕಿಗೆ ಹೋಗ್ತಿದ್ದೆ" ಎಂದು ಅವರು ಹೇಳುವುದರಲ್ಲಿ ಅರ್ಧ ತಮಾಷೆ, ಅರ್ಧ ಸತ್ಯ.

ಅಂಥದೊಂದು ದಿನ ಈ ಶೆಡ್ಡಿನ ಮುಖ್ಯ ಎಂಜಿನಿಯರ್ ಅಂಗಡಿಗೆ ಬಂದರು. ನೆಲದ ಮೇಲೆ ನಡೆಸಿದ ಪರೀಕ್ಷೆಗಳ ದಾಖಲೆ ಹಾಳೆಗಳನ್ನು ಕಟ್ಟಿಸುವುದಿತ್ತು. ಬೈಂಡಮ್ಮ ನಾನೂರು ಹಾಳೆಗಳ ಕಂತೆಯನ್ನು ಕೈಯಲ್ಲಿ ಹಿಡಿದು, ಬೀಸಣಿಗೆಯಂತೆ ಬಿಚ್ಚಿ ಗಾಳಿಯಾಡಿಸಿ, ಮೇಜಿಗೆ ಎರಡು ಸಲ ತಟ್ಟಿದರು. ನಾಲ್ಕೂ ಅಂಚು ಕೊಯ್ದಿಟ್ಟಂತೆ ಕೂತವು. ಆಮೇಲೆ ಒತ್ತುಯಂತ್ರದಲ್ಲಿಟ್ಟು, ತಿರುಪನ್ನು ಒಂದೇ ಸಲಕ್ಕೆ ಬಿಗಿಯದೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ನಡುನಡುವೆ ಬೆರಳಿನಿಂದ ಅಂಚು ಸವರಿ ನೋಡುತ್ತ ಹೋದರು.

"ನಾನು ಬಂದ ಕೆಲಸವೇ ಮರೆತುಹೋಯಿತು" ಎಂದು ಎಂಜಿನಿಯರ್ ಈಗ ಹೇಳುತ್ತಾರೆ. "ಆ ತಿಂಗಳು ನಮ್ಮ ಮೂರು ಸ್ಟ್ಯಾಕ್, ಅಂದ್ರೆ ಈ ಸೆಲ್ ಕಟ್ಟುಗಳು, ಸೋರಿದ್ದವು. ಒತ್ತಡ ಒಂದೇ ಸಮ ಬೀಳ್ತಿರಲಿಲ್ಲ. ಪದವಿ ಇದ್ದ ಮೂವರು ಹುಡುಗರು ಬೆವರು ಸುರಿಸ್ತಿದ್ರು. ಇಲ್ಲಿ ಇವರು ಮಾತಾಡ್ತಾ ಮಾತಾಡ್ತಾ ಅದನ್ನೇ ಮಾಡ್ತಿದ್ದಾರೆ. ನಾಳೆ ಒಂದು ಸಲ ನಮ್ಮ ಕಡೆ ಬರ್ತೀರಾ ಅಂತ ಕೇಳಿದೆ."

ಬೈಂಡಮ್ಮ ಹೋದರು. ಹೋಗುವುದೇನೋ ಹೋದರು, ಮೊದಲ ನಾಲ್ಕು ತಿಂಗಳು ಹಣೆಬರಹ ನೆಟ್ಟಗಿರಲಿಲ್ಲ. ಹೆಸರುಗಳೆಲ್ಲ ಹೊಸವು. ಇಪ್ಪತ್ತೈದರ ಹರೆಯದವರೊಂದಿಗೆ ಕೂತು ಪರೀಕ್ಷೆ ಬರೆಯಬೇಕು. ಗಂಟೆಗಟ್ಟಲೆ ನಿಂತೇ ಕೆಲಸ, ಮೊದಲೇ ನೋವಿದ್ದ ಎಡ ಮೊಣಕಾಲು ಊದಿಕೊಂಡಿತು. ಅವರು ಕಟ್ಟಿದ ಮೊದಲ ಎರಡು ಸ್ಟ್ಯಾಕ್ ಪರೀಕ್ಷೆಯಲ್ಲಿ ಬಿದ್ದವು. ಶೆಡ್ಡಿನ ಹಿರಿಯ ಮೆಕ್ಯಾನಿಕ್ ಎಲ್ಲರಿಗೂ ಕೇಳುವ ಹಾಗೆ, "ಪುಸ್ತಕ ಹೊಲಿಯೋರನ್ನ ಕರ್ಕೊಂಡು ಬಂದು ವಿಮಾನ ಹಾರಿಸ್ತಾರಂತೆ. ಇನ್ನು ಹಜಾಮನ್ನ ಕರ್ಸಿ ರೆಕ್ಕೆ ಕತ್ತರಿಸೋದೊಂದು ಬಾಕಿ" ಎಂದರಂತೆ. ಬೈಂಡಮ್ಮನ ಅಡ್ಡಹೆಸರು ಹುಟ್ಟಿದ್ದೂ ಅವರ ಬಾಯಿಂದಲೇ. ಕೊಂಕಿಗೆ ಇಟ್ಟ ಹೆಸರು ಬರಬರುತ್ತ ಅಕ್ಕರೆಗೆ ತಿರುಗಿತು. ಗಾಜಿನ ಕೋಣೆಯಲ್ಲಿ ಮೊಣಕಾಲಿಗೆ ಆಸರೆಯಿರುವ ಎತ್ತರದ ಪೀಠವೊಂದಿದೆ, ಅದನ್ನು ಬೆಸುಗೆ ಹಾಕಿ ಮಾಡಿಕೊಟ್ಟವರು ಅದೇ ಮೆಕ್ಯಾನಿಕ್. ಮಾಡಿಕೊಟ್ಟ ದಿನವೂ ಒಳ್ಳೆಯ ಮಾತೇನೂ ಆಡಲಿಲ್ಲವಂತೆ. "ಅಳತೆ ಸರಿ ಇದೆಯಾ ನೋಡಿ" ಎಂದಷ್ಟೇ ಹೇಳಿ ಹೋದರಂತೆ.

ಮೂರನೆಯ ಕಟ್ಟು ನಿಂತಿತು. ಅಲ್ಲಿಂದ ಮುಂದೆ ಎರಡು ವರ್ಷ ಒಂದೂ ಬೀಳಲಿಲ್ಲ. ಪ್ರತಿ ಕಟ್ಟಿನ ಕೊನೆಯ ಫಲಕದ ಒಳಬದಿಗೆ ಕಟ್ಟಿದವರು ಸಹಿ ಹಾಕುವ ಪದ್ಧತಿ ಇಲ್ಲಿದೆ. ಬೈಂಡಮ್ಮನ ಸಹಿ ಇರುವ ಎರಡು ಕಟ್ಟುಗಳನ್ನು ಹೊತ್ತೇ ಈ ಬಿಳಿ ವಿಮಾನ ಮೊದಲ ಸಲ ನೆಲ ಬಿಟ್ಟದ್ದು.

ಎಲ್ಲವೂ ಸರಿಯಾಗಿದೆ ಎನ್ನುವಾಗಲೇ, ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಮುಂಜಾನೆ ಅದು ನಡೆಯಿತು.

ಪೈಲಟ್ ಒಬ್ಬರೇ ಹೋಗಿದ್ದರು. ಎರಡು ಸಾವಿರ ಅಡಿ ಎತ್ತರದಲ್ಲಿ ಬಲಗಡೆಯ ಕಟ್ಟಿನ ಒಂದು ಸೆಲ್ ಸೊನ್ನೆಗೆ ಇಳಿಯಿತು. ಅಪಾಯವಾದೀತೆಂದು ಯಂತ್ರವೇ ಬಲಗಡೆಯನ್ನು ಪೂರ್ತಿ ಆರಿಸಿಬಿಟ್ಟಿತು. ಉಳಿದದ್ದು ಎಡಗಡೆಯ ಕಟ್ಟು ಮತ್ತು ಅರೆ ತುಂಬಿದ ಬ್ಯಾಟರಿ. ಪೈಲಟ್ ಹಿಂದಿರುಗಿ ಇಳಿಯಲು ಏಳು ನಿಮಿಷ ಹಿಡಿಯಿತು. ಆ ಏಳು ನಿಮಿಷ ಎಲ್ಲರೂ ಶೆಡ್ಡಿನ ಬಾಗಿಲಲ್ಲಿ ಆಕಾಶ ನೋಡುತ್ತ ನಿಂತಿದ್ದರು.

"ಮೇಲಿದ್ದಾಗ ಕೈಕಾಲು ನೆಟ್ಟಗೇ ಇದ್ವು" ಎಂದು ಪೈಲಟ್ ಹೇಳುತ್ತಾರೆ. ಮಾತು ಕಡಿಮೆಯ, ನಲವತ್ತರ ಆಸುಪಾಸಿನ ಮನುಷ್ಯ. "ಇಳಿದು ಬಾಗಿಲು ತೆಗೆದ ಮೇಲೆ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಎಲ್ಲರಿಗಿಂತ ಮುಂಚೆ ಓಡಿ ಬಂದದ್ದು ಬೈಂಡಮ್ಮ. ಕುಂಟ್ತಾ ಕುಂಟ್ತಾ ಓಡಿ ಬಂದ್ರು. ನನ್ನ ಮುಖ ನೋಡಿದ್ರು, ಭುಜ ಮುಟ್ಟಿದ್ರು."

ಕಟ್ಟು ಬಿಚ್ಚಿದರು. ನೂರಮೂವತ್ತೊಂದನೆಯ ಪೊರೆ ಅಂಚಿನುದ್ದಕ್ಕೂ ಸೀಳಿತ್ತು. ಕೊನೆಯ ಫಲಕದ ಮೇಲೆ ಬೈಂಡಮ್ಮನ ಸಹಿ ಇತ್ತು. ವಿಚಾರಣೆಗೆಂದು ಹೊರಗಿನಿಂದ ಬಂದ ಮೂವರಿಗೆ ಇಷ್ಟು ಸಾಕಾಯಿತು. ಕೈಯಿಂದ ಕಟ್ಟುವಾಗ ಆದ ತಪ್ಪು, ಇನ್ನು ಮೇಲೆ ಯಂತ್ರದಿಂದಲೇ ಕಟ್ಟಿಸುವುದು ಒಳ್ಳೆಯದು ಎಂದು ಅವರು ಬರೆಯುವವರಿದ್ದರು. ವಿಮಾನವನ್ನು ಮೂಲೆಗೆ ತಳ್ಳಿ ಹೊದಿಕೆ ಹೊದಿಸಿದರು.

ಬೈಂಡಮ್ಮ ಮುಖ್ಯ ಎಂಜಿನಿಯರ್ ಬಳಿ ಹೋಗಿ ಕೇಳಿದ್ದು ಒಂದೇ. "ಮೇಡಂ, ನನ್ನನ್ನ ಕಳ್ಸೋದಾದ್ರೆ ಕಳ್ಸಿ. ಅದಕ್ಕೆ ಮುಂಚೆ ಆ ಕಟ್ಟನ್ನ ಪೂರ್ತಿ ಬಿಚ್ಚೋಕೆ ನನಗೆ ಬಿಡಿ."

ನಾಲ್ಕು ದಿನ ಬಿಚ್ಚಿದರು. ಪೊರೆಗಳನ್ನು ಒಂದೊಂದಾಗಿ ತೆಗೆದು ದೀಪಕ್ಕೆ ಹಿಡಿದು ನೋಡಿ, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಹಾಸಿದರು. ಎರಡನೆಯ ದಿನದ ಹೊತ್ತಿಗೆ ಅವರ ಬಟ್ಟೆಯ ಮೇಲೆ ಎರಡು ಸಾಲುಗಳಾಗಿದ್ದವು. ಬಹುಪಾಲು ಪೊರೆಗಳು ಸಪಾಟಾಗಿ ಮಲಗಿದ್ದವು. ಕೆಲವು ಮಾತ್ರ ಉದ್ದಕ್ಕೆ ನೆರಿಗೆ ಬಿದ್ದು, ಅಂಚಿನಲ್ಲಿ ಎಳೆದಂತಿದ್ದವು. ಅಂಥವು ಮೂವತ್ತೆಂಟು. ಹರಿದ ನೂರಮೂವತ್ತೊಂದನೆಯದೂ ಅದೇ ಸಾಲಿನದು.

"ಬಟ್ಟೆಗೆ ಎಳೆ ಇರೋ ಹಾಗೆ ಕಾಗದಕ್ಕೂ ಎಳೆ ಇರುತ್ತೆ" ಎಂದು ಅವರು ವಿವರಿಸುತ್ತಾರೆ. "ಒದ್ದೆ ಆದ್ರೆ ಎಳೆಗೆ ಅಡ್ಡವಾಗಿ ಹಿಗ್ಗುತ್ತೆ, ಎಳೆಯ ಉದ್ದಕ್ಕೆ ಹಿಗ್ಗಲ್ಲ. ಎಳೆ ಅಡ್ಡಡ್ಡ ಇರೋ ಹಾಳೆನ ಪುಸ್ತಕಕ್ಕೆ ಹಾಕಿ ನೋಡಿ, ಒಂದು ಮಳೆಗಾಲ ಸಾಕು, ಬೆನ್ನು ಬಿಟ್ಕೊಳುತ್ತೆ. ಇದನ್ನ ನಾನು ಹದಿನಾಲ್ಕು ವರ್ಷಕ್ಕೇ ಕಲ್ತಿದ್ದೆ. ಪೊರೆಗೂ ಅದೇ ಕತೆ ಇರಬಹುದು ಅಂತ ಯೋಚನೆ ಬಂತು."

ಕೆಟ್ಟ ಸಾಲಿನಿಂದ ಒಂದು, ಒಳ್ಳೆಯ ಸಾಲಿನಿಂದ ಒಂದು ಪೊರೆ ತೆಗೆದು, ಎರಡರಿಂದಲೂ ಉದ್ದುದ್ದಕ್ಕೆ ಒಂದೇ ಅಳತೆಯ ಪಟ್ಟಿ ಕತ್ತರಿಸಿ, ಒದ್ದೆ ಬಟ್ಟೆಯ ನಡುವೆ ಇಟ್ಟರು. ಹದಿನೈದು ನಿಮಿಷ ಬಿಟ್ಟು ತೆಗೆದಾಗ ಒಂದು ಪಟ್ಟಿ ಇನ್ನೊಂದಕ್ಕಿಂತ ಕಣ್ಣಿಗೆ ಕಾಣುವಷ್ಟು ಉದ್ದವಾಗಿತ್ತು. ಎಂಜಿನಿಯರನ್ನು ಕರೆದು ತೋರಿಸಿದರು. ಎಂಜಿನಿಯರ್ ಅಳತೆಪಟ್ಟಿ ಹಿಡಿದು ನೋಡಿದರು, ಕುರ್ಚಿ ಎಳೆದುಕೊಂಡು ಕೂತರು, ಪೊರೆ ಕಳಿಸುವ ಕಾರ್ಖಾನೆಗೆ ಫೋನ್ ಮಾಡಿದರು. ಅಲ್ಲಿಂದ ಉತ್ತರ ಬರಲು ಎರಡು ದಿನ ಹಿಡಿಯಿತು. ಆ ಕಂತಿನಲ್ಲಿ ಸುರುಳಿಯ ಕೊನೆಯ ತುಂಡು ವ್ಯರ್ಥವಾಗದಿರಲೆಂದು ಕತ್ತರಿಸುವವರು ಹಾಳೆಯನ್ನು ಅಡ್ಡ ತಿರುಗಿಸಿದ್ದರು. ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸವಿರಲಿಲ್ಲ. ಕಾಗದದ ಮೇಲೆ ಎಲ್ಲವೂ ಸರಿ ಇತ್ತು. ಆದರೆ ಪ್ರತಿ ಹಾರಾಟದಲ್ಲಿ ಪೊರೆ ನೆನೆದು ಹಿಗ್ಗಿ, ಒಣಗಿ ಕುಗ್ಗಿ, ತಪ್ಪು ದಿಕ್ಕಿನಲ್ಲಿ ಎಳೆದಾಡಿ ಕೊನೆಗೊಂದು ದಿನ ಅಂಚಿನಲ್ಲಿ ಬಿಟ್ಟುಕೊಂಡಿತ್ತು.

ಇಲ್ಲಿಗೆ ಮುಗಿದಿದ್ದರೆ ಇದು ಬೈಂಡಮ್ಮನ ಬುದ್ಧಿವಂತಿಕೆಯ ಕತೆ ಮಾತ್ರ ಆಗುತ್ತಿತ್ತು. ಶೆಡ್ಡಿನಲ್ಲಿ ಅವರ ಮಾತಿಗೆ ಇಂದು ಇರುವ ತೂಕ ಬಂದದ್ದು ಮರುದಿನದ ಸಭೆಯಿಂದ.

ಹಿಂದಿನ ಸಂಜೆ ಅವರು ಮನೆಯಲ್ಲಿ ಊಟಕ್ಕೆ ಕೂತವರು ತಟ್ಟೆ ಮುಟ್ಟಿರಲಿಲ್ಲ. ಪತಿ ಕೇಳಿದರು, "ನಿನ್ನ ತಪ್ಪಲ್ಲ ಅಂತ ಗೊತ್ತಾಯ್ತಲ್ಲ. ಇನ್ನೇನು?"

ಬೈಂಡಮ್ಮ ಆಗ ಬಾಯಿಬಿಟ್ಟರು. ಆ ಕಟ್ಟು ಹಾಕಿದ ದಿನವೇ ಅವರ ಬೆರಳಿಗೆ ಅನುಮಾನ ಬಂದಿತ್ತು. ಕೆಲವು ಪೊರೆಗಳು ಮೂಲೆ ಹಿಡಿದು ಎತ್ತಿದಾಗ ಜೋತು ಬೀಳುವ ರೀತಿಯೇ ಬೇರೆ ಇತ್ತು. ಆದರೆ ಅಂದು ಕಟ್ಟು ಮುಗಿಯಲೇಬೇಕಿತ್ತು. ಅಳತೆ ಸರಿಯಿತ್ತು, ತಪಾಸಣೆಯ ಚೀಟಿ ಸರಿಯಿತ್ತು. ಇಷ್ಟೆಲ್ಲ ಓದಿದವರ ಮುಂದೆ, ನನ್ನ ಬೆರಳಿಗೆ ಯಾಕೋ ಸರಿ ಕಾಣುತ್ತಿಲ್ಲ ಎಂದು ಹೇಗೆ ಹೇಳುವುದು ಎಂದುಕೊಂಡು ಸುಮ್ಮನಾಗಿದ್ದರು.

ಪತಿ ತಮ್ಮ ತಟ್ಟೆ ಬದಿಗೆ ಸರಿಸಿ ಹೇಳಿದರು, "ನಮ್ಮ ಡಿಪೋದಲ್ಲಿ ಮೊದಲ ದಿನವೇ ಹೇಳ್ತಿದ್ರು. ಬ್ರೇಕ್ ಮೇಲೆ ಕಾಲಿಟ್ಟಾಗ ಯಾಕೋ ಸರಿ ಇಲ್ಲ ಅನ್ನಿಸಿದ್ರೆ ಬಸ್ಸು ತೆಗೀಬೇಡ. ಯಾಕೆ ಅಂತ ಹೇಳೋಕೆ ಬರದಿದ್ರೂ ಪರ್ವಾಗಿಲ್ಲ, ತೆಗೀಬೇಡ. ನಿಮ್ಮಲ್ಲಿ ಯಾರೂ ಹಾಗೆ ಹೇಳಿಲ್ವಾ?"

"ಇಲ್ಲ."

"ಹಾಗಾದ್ರೆ ನೀನೇ ಹೇಳು."

ಸಭೆಯಲ್ಲಿ ಹೊರಗಿನ ಮೂವರು, ಮುಖ್ಯ ಎಂಜಿನಿಯರ್, ಪೈಲಟ್, ಮೆಕ್ಯಾನಿಕ್ ಎಲ್ಲರೂ ಇದ್ದರು. ಒದ್ದೆ ಪಟ್ಟಿಗಳನ್ನು ನೋಡಿ, ಕಾರ್ಖಾನೆಯ ಪತ್ರ ಓದಿ, ಕಟ್ಟಿದವರ ತಪ್ಪಿಲ್ಲ ಎಂದು ಬರೆಯಲು ಅವರೆಲ್ಲ ಒಪ್ಪಿದ್ದರು. ಆಗ ಬೈಂಡಮ್ಮ ಎದ್ದು ನಿಂತರು.

"ನನ್ನದೂ ತಪ್ಪಿದೆ" ಎಂದರು. "ಅವತ್ತು ನನ್ನ ಬೆರಳಿಗೆ ಗೊತ್ತಾಗಿತ್ತು. ನಾನು ಬಾಯಿ ಬಿಡ್ಲಿಲ್ಲ. ಅದನ್ನೂ ಬರ್ಕೊಳ್ಳಿ."

ಅವರು ಪೈಲಟ್ ಕಡೆ ತಿರುಗಿದರು. "ನಿಮ್ಮ ಕಣ್ಣು ನೋಡಿ ಹೇಳ್ಬೇಕು ಅಂತ್ಲೇ ಕಾಯ್ತಿದ್ದೆ. ನೀವು ಏನು ಬೇಕಾದ್ರೂ ಅನ್ನಿ."

ಪೈಲಟ್ ಉತ್ತರಿಸುವ ಮೊದಲೇ ಹೊರಗಿನ ಮೂವರಲ್ಲಿ ಹಿರಿಯರಾದವರು ಪೆನ್ನು ಕೆಳಗಿಟ್ಟು ಕೇಳಿದರು, "ಅವತ್ತು ನೀವು ಹೇಳಿದ್ದಿದ್ರೆ ಇಲ್ಲಿ ಯಾರಾದ್ರೂ ಕೇಳ್ತಿದ್ರಾ?"

ಉತ್ತರ ಕೊಟ್ಟದ್ದು ಮುಖ್ಯ ಎಂಜಿನಿಯರ್. "ನಾನು ಕೇಳ್ತಿರಲಿಲ್ಲ" ಎಂದರು. "ಅಳತೆ ಸರಿ ಇದೆಯಲ್ಲ, ಮುಂದುವರಿಸಿ ಅಂತಿದ್ದೆ."

ಆ ಎರಡು ಮಾತುಗಳು ಸೇರಿ ಶೆಡ್ಡಿಗೊಂದು ಹೊಸ ನಿಯಮ ತಂದವು. ಗಾಜಿನ ಕೋಣೆಯ ಬಾಗಿಲಿಗೆ ಈಗ ಕೆಂಪು ಚೀಟಿಗಳ ಪುಟ್ಟ ಕಟ್ಟು ತೂಗುತ್ತದೆ. ಕಸ ಗುಡಿಸುವವರಿಂದ ಹಿಡಿದು ಎಂಜಿನಿಯರ್‌ವರೆಗೆ ಯಾರೇ ಆಗಲಿ, ಏನೋ ಸರಿಯಿಲ್ಲ ಅನ್ನಿಸಿದರೆ ಒಂದು ಚೀಟಿ ಹರಿದು ಮೇಜಿನ ಮೇಲಿಡಬಹುದು. ಕಾರಣ ಬರೆಯಬೇಕಾಗಿಲ್ಲ. ಚೀಟಿ ಬಿದ್ದರೆ ಕೆಲಸ ನಿಲ್ಲುತ್ತದೆ. ಎರಡು ವರ್ಷದಲ್ಲಿ ಬೈಂಡಮ್ಮ ಮೂರು ಸಲ ಇಟ್ಟಿದ್ದಾರೆ. ಎರಡು ಸಲ ಏನೂ ಇರಲಿಲ್ಲ, ಅರ್ಧ ದಿನದ ಕೆಲಸ ಹಾಳಾಯಿತು. ಮೂರನೆಯ ಸಲ ರಬ್ಬರಿನ ಅಂಚುಪಟ್ಟಿಯ ಇಡೀ ಪೆಟ್ಟಿಗೆ ಗಡಸಾಗಿದ್ದದ್ದು ಸಿಕ್ಕಿತು. "ಆ ಎರಡು ಸಲ ಯಾರಾದ್ರೂ ಮುಖ ಸಿಂಡರಿಸ್ತಾರಾ ಅಂತ ನೋಡ್ದೆ" ಎನ್ನುತ್ತಾರೆ ಅವರು. "ಯಾರೂ ಸಿಂಡರಿಸ್ಲಿಲ್ಲ. ಮೆಕ್ಯಾನಿಕ್ ಮಾತ್ರ ಚಹಾ ತಂದ್ಕೊಟ್ಟು, ಇವತ್ತು ರಜಾ ಕೊಡ್ಸಿದ್ರಲ್ಲ ಅಂದ್ರು."

ಯಂತ್ರದಿಂದ ಕಟ್ಟಿಸುವ ಮಾತು ನಿಂತಿಲ್ಲ, ಮುಂದೊಂದು ದಿನ ಯಂತ್ರ ಬರುತ್ತದೆ. ಬೈಂಡಮ್ಮನಿಗೆ ಅದರ ಬಗ್ಗೆ ಮುನಿಸಿಲ್ಲ. "ಬರ್ಲಿ. ಸಾವಿರಾರು ಕಟ್ಟು ಬೇಕಾದಾಗ ನನ್ನ ಎರಡು ಕೈ ಸಾಲಲ್ಲ. ಅದಕ್ಕೂ ಪೊರೆ ಎತ್ತೋದು ಯಾರಾದ್ರೂ ಕಲಿಸ್ಬೇಕಲ್ಲ." ಸದ್ಯಕ್ಕೆ ವಾರಕ್ಕೆ ಎರಡು ಕಟ್ಟು ಅವರ ಕೈಯಿಂದ ಹೊರಬೀಳುತ್ತವೆ. ನಾಲ್ಕು ದಿನ ಪೇರಿಸುವುದು, ಐದನೆಯ ದಿನ ಒತ್ತುವುದು. ಒತ್ತುವ ದಿನ ಎಂಟು ತಿರುಪುಗಳನ್ನು ಎದುರುಬದುರಾಗಿ ಕಾಲು ಕಾಲು ಸುತ್ತು ಬಿಗಿಯುತ್ತಾರೆ. ಆ ಕೆಲಸ ಎರಡೂವರೆ ಗಂಟೆ ಹಿಡಿಯುತ್ತದೆ. ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಊಟ.

ಅಂದು ಹೊದಿಕೆ ಹೊದ್ದು ಕೂತಿದ್ದ ವಿಮಾನ ಆ ಸಭೆಯಾಗಿ ಐದು ವಾರದ ನಂತರ ಮತ್ತೆ ಹೊರಬಂತು. ಹೊಸ ಕಟ್ಟುಗಳನ್ನು ಕೂರಿಸಿ ಪೈಲಟ್ ಹನ್ನೊಂದು ಸಲ ಒಬ್ಬರೇ ಹಾರಿದರು. ಹನ್ನೆರಡನೆಯ ಸಲಕ್ಕೆ ಗಾಜಿನ ಕೋಣೆಯ ಬಾಗಿಲು ತಟ್ಟಿದರು.

"ಇವತ್ತು ಒಬ್ರನ್ನ ಕೂರಿಸ್ಕೊಂಡು ಹೋಗ್ಬಹುದು ಅಂತ ಅನುಮತಿ ಬಂದಿದೆ ಅಕ್ಕ. ಬರ್ತೀರಾ?"

ಬೈಂಡಮ್ಮ ಕೈಗವಸು ಬಿಚ್ಚದೆ ನಿಂತೇ ಇದ್ದರು. ಐವತ್ತೆರಡು ವರ್ಷದಲ್ಲಿ ಅವರು ಯಾವ ವಿಮಾನವನ್ನೂ ಹತ್ತಿದವರಲ್ಲ. "ನನ್ನನ್ಯಾಕೆ?" ಎಂದು ಕೇಳಿದರು.

"ಮತ್ಯಾರನ್ನ?" ಎಂದರು ಪೈಲಟ್.

ಮನೆಗೆ ಫೋನ್ ಮಾಡಿದಾಗ ಪತಿ, "ನಾನೂ ಬರ್ಬೇಕಾ?" ಎಂದು ಕೇಳಿದರಂತೆ. ಬೇಡ, ಒಬ್ಬರಿಗೇ ಅನುಮತಿ ಎಂದಾಗ, "ಸದ್ಯ" ಎಂದು ಉಸಿರು ಬಿಟ್ಟದ್ದು ಫೋನಿನಲ್ಲೂ ಕೇಳಿಸಿತಂತೆ. ಆದರೂ ಬಸ್ಸು ಹಿಡಿದು ಮೈದಾನದ ಬೇಲಿಯವರೆಗೆ ಬಂದು ನಿಂತಿದ್ದರು.

ಹಾರಾಟ ಇಪ್ಪತ್ತಾರು ನಿಮಿಷದ್ದು. ಎಂಜಿನ್ ಗುಡುಗು ಇಲ್ಲದ್ದರಿಂದ ಒಳಗೆ ಗಾಳಿಯ ಮತ್ತು ಮುಂದಿನ ರೆಕ್ಕೆಗಳ ಸದ್ದಷ್ಟೇ. ಪೈಲಟ್ ಕೆಳಗಿನ ಕೊಲ್ಲಿಯ ಮೇಲೊಂದು ಸುತ್ತು, ಊರಿನ ಮೇಲೊಂದು ಸುತ್ತು ಹಾಕಿಸಿದರು. ಬೇಲಿಯ ಪಕ್ಕ ನಿಂತವರು ಕಾಣಲೆಂದು ಒಂದು ರೆಕ್ಕೆ ತಗ್ಗಿಸಿದರು. ಇಳಿದಾಗ ಬೈಂಡಮ್ಮನ ನಿಲುವಂಗಿಯ ಬೆನ್ನು ಬೆವರಿನಿಂದ ತೊಯ್ದಿತ್ತು. ಮುಖ ಮಾತ್ರ ಹಾಯಾಗಿತ್ತು.

ಅದೇ ವಿಮಾನ ಕಳೆದ ಹನ್ನೊಂದು ತಿಂಗಳಿಂದ ಕೊಲ್ಲಿಯಾಚೆಯ ದ್ವೀಪಕ್ಕೆ ವಾರಕ್ಕೆ ನಾಲ್ಕು ಸಲ ವೈದ್ಯರನ್ನೂ ಔಷಧದ ಪೆಟ್ಟಿಗೆಯನ್ನೂ ಹೊತ್ತು ಹೋಗಿಬರುತ್ತಿದೆ. ದೋಣಿಯಲ್ಲಿ ಮೂರು ಗಂಟೆಯ ದಾರಿ ಇಪ್ಪತ್ತು ನಿಮಿಷಕ್ಕೆ ಇಳಿದಿದೆ. ಆ ವೈದ್ಯರಿಗೂ, ದ್ವೀಪದಲ್ಲಿ ಅವರ ದಾರಿ ಕಾಯುವವರಿಗೂ ಬೈಂಡಮ್ಮ ಎಂಬುವರೊಬ್ಬರಿದ್ದಾರೆ ಎಂಬುದು ಗೊತ್ತಿಲ್ಲ. ಸಹಿ ಇರುವುದು ಫಲಕದ ಒಳಬದಿಯಲ್ಲಿ.

ಅದರ ಬಗ್ಗೆ ಕೇಳಿದರೆ ಅವರಿಗೆ ಬೇಸರವೇನಿಲ್ಲ. ಆಸೆ ಏನಾದರೂ ಇದೆಯೇ ಎಂದರೆ ಮಾತ್ರ ಸ್ವಲ್ಪ ನಾಚಿಕೊಂಡು ನಿಲುವಂಗಿಯ ತೋಳು ಸರಿಪಡಿಸಿಕೊಳ್ಳುತ್ತಾರೆ.

"ಅವತ್ತು ಇಳಿದ ಮೇಲೆ ಎಲ್ರೂ ಕೇಳಿದ್ರು, ಮೇಲಿಂದ ಊರು ಹೇಗೆ ಕಾಣ್ತು, ನೀರು ಹೇಗಿತ್ತು ಅಂತ. ನಮ್ಮೆಜಮಾನ್ರು ಬೇಲಿ ಹತ್ರ ಟವೆಲ್ ಬೀಸಿದ್ರಂತೆ, ನೋಡಿದ್ಯಾ ಅಂದ್ರು. ನಾನೆಲ್ಲಿ ನೋಡಿದೆ? ಪೈಲಟ್ ಮುಂದೆ ಒಂದು ಪರದೆ ಇದೆ, ನಾನೂರನಲವತ್ತು ಸೆಲ್‌ದೂ ಪುಟ್ಟ ಪುಟ್ಟ ಗೆರೆ ಬರುತ್ತೆ ಅದ್ರಲ್ಲಿ. ಹತ್ತಿದಾಗಿಂದ ಇಳಿಯೋವರೆಗೂ ಅದನ್ನೇ ನೋಡ್ತಾ ಕೂತಿದ್ದೆ. ಒಂದೂ ಅಲ್ಲಾಡ್ಲಿಲ್ಲ." ತೋಳನ್ನು ಮತ್ತೊಮ್ಮೆ ಎಳೆದುಕೊಂಡು ಹೇಳುತ್ತಾರೆ, "ಇನ್ನೊಂದು ಸಲ ಕರ್ಕೊಂಡು ಹೋದ್ರೆ, ಕಿಟಕಿ ಕಡೆ ನೋಡ್ತೀನಿ."